ಏಕದಿನ ಪ್ರವಾಸ ಮೀಮಾಂಸೆ: ವಿಜಯಪುರ ಕಾಂಡ

ಪ್ರತಿಜ್ಞೆ: ಹಳೆಯ ಊರೊಂದನ್ನು ಬೆಳಗಿನಿಂದ ಸಂಜೆಯೊಳಗೆ ನೋಡಿ ಮುಗಿಸುವವನು ಊರನ್ನು ನೋಡಲು ಬರುವುದಿಲ್ಲ, ಊರಿಗೆ ತನ್ನನ್ನು ತೋರಿಸಿ ಹೋಗಲು ಬರುತ್ತಾನೆ. ಇದನ್ನು ಮೀಮಾಂಸಕರ ಆರು ಪ್ರಮಾಣಗಳಿಂದ ಸಾಧಿಸುವುದೇ ಈ ಗ್ರಂಥದ ಗುರಿ. ಶಾಸ್ತ್ರಗಳ ಉದಾಹರಣೆಗಳಲ್ಲೆಲ್ಲ ಶತಮಾನಗಳಿಂದ ಸಂಬಳವಿಲ್ಲದೆ ದುಡಿಯುತ್ತಿರುವ ದೇವದತ್ತನನ್ನೇ ಇಲ್ಲಿಯೂ ನೇಮಿಸಿಕೊಳ್ಳಲಾಗಿದೆ. ಪಾಪ, ಅವನಿಗೂ ಒಂದು ಭಾನುವಾರ ಬೇಕು.

ಕ್ಷೇತ್ರವಿಚಾರ: ಕ್ಷೇತ್ರವು 2014ರವರೆಗೆ ಬಿಜಾಪುರವೆನಿಸಿದ್ದ, ಆದಿಲಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರ. ಇದರೊಳಗೆ ಕಾಲಿಡಲು ಔರಂಗಜೇಬನ ಸೈನ್ಯ ಒಂದು ವರ್ಷಕ್ಕೂ ಮಿಕ್ಕಿ ಮುತ್ತಿಗೆ ಹಾಕಿ ಕೂರಬೇಕಾಯಿತು. 1686ರಲ್ಲಿ ಊರು ಕೈಗೆ ಬಂತು. ದೇವದತ್ತನಿಗೆ ಅಷ್ಟು ರಜೆಯಿಲ್ಲ. ಅವನು ಸಂಜೆ ಐದರ ಬಸ್ಸಿಗೆ ಸೀಟು ಕಾದಿರಿಸಿದ್ದಾನೆ.

1. ಪ್ರತ್ಯಕ್ಷ
ಕಣ್ಣಿಗೆ ಕಂಡದ್ದು ಪ್ರತ್ಯಕ್ಷ. ಗೋಳಗುಮ್ಮಟಕ್ಕೆ ಬೆನ್ನು ಮಾಡಿ ನಿಂತವನಿಗೆ ಅದು ಹೇಗೆ ಕಂಡೀತು? ಇದು ಪೂರ್ವಪಕ್ಷ. ಮೊಬೈಲಿನಲ್ಲಿ, ಅವನದೇ ಮುಖದ ಹಿಂದೆ ಕಂಡಿತು. ಇದು ಸಿದ್ಧಾಂತ. ಹೊರಗಿನಿಂದ ಅಳೆದರೆ 44 ಮೀಟರು ವ್ಯಾಸವಿರುವ ಗುಮ್ಮಟ ಆ ಪರದೆಯಲ್ಲಿ ದೇವದತ್ತನ ಎಡಗಿವಿಯಷ್ಟಿರುತ್ತದೆ. ಕಿವಿ ದೊಡ್ಡದೋ ಗುಮ್ಮಟ ದೊಡ್ಡದೋ ಎಂಬಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿದ್ದರೂ ಚಿತ್ರ ಕಿವಿಯ ಪರವಾಗಿದೆ.

2. ಶಬ್ದ
ಮಾತಿನಿಂದ ತಿಳಿಯುವುದು ಶಬ್ದ. ಕ್ರಮದಲ್ಲಿ ಇದರ ಸರದಿ ಅನುಮಾನದ ನಂತರ. ಆದರೆ ಈ ಕ್ಷೇತ್ರದಲ್ಲಿ ಗದ್ದಲ ಮಾಡಿ ಎರಡನೆಯ ಸ್ಥಾನಕ್ಕೆ ನುಗ್ಗಿದೆ. ಮೂಲೆಯ ಮಿನಾರಿನೊಳಗಿನ ಇಕ್ಕಟ್ಟು ಮೆಟ್ಟಿಲುಗಳಲ್ಲಿ ಏಳು ಅಂತಸ್ತು ಏರಿದರೆ ಪಿಸುಮಾತಿನ ಮೊಗಸಾಲೆ ಸಿಗುತ್ತದೆ. ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ಹಾಯ್ದುಹೋಗುವ ಕಮಾನುಗಳೇ ಅಷ್ಟು ದೊಡ್ಡ ಗುಮ್ಮಟವನ್ನು ಹೊತ್ತಿವೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರು ಆಚೆ ನಿಂತವರಿಗೆ ಕೇಳಿಸುತ್ತದೆ. ಇಂಥ ಸೂಕ್ಷ್ಮ ಯಂತ್ರದ ಎದುರು ನಿಂತು ದೇವದತ್ತ ಮೊದಲು "ಓಹೋ" ಎನ್ನುತ್ತಾನೆ, ಬಳಿಕ ತನ್ನ ಹೆಸರನ್ನೇ ಕೂಗುತ್ತಾನೆ. ದನಿ ಏಳು ಸಲ ಮರಳುತ್ತದೆ ಎಂಬುದು ಊರಿನ ನಂಬಿಕೆ. ಏಳೂ ಸಲ ಅವನು ತನ್ನನ್ನು ಗುರುತಿಸಿ ಸಂತೋಷಪಡುತ್ತಾನೆ. ಶಾಲಾ ಪ್ರವಾಸದ ಮಾಸ್ತರರು "ಯಾರೂ ಒದರಬ್ಯಾಡ್ರಲೇ!" ಎಂದು ಒದರುತ್ತಾರೆ. ಅದೂ ಮರಳುತ್ತದೆ.

ಕೆಳಗೆ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನಿದ್ದಾನೆ. ನಮಗೆ ಕಾಣುವ ಗೋರಿಗಳು ಕೇವಲ ಗುರುತಿಗೆ. ಅಸಲು ಗೋರಿಗಳಿರುವುದು ನೆಲಮಾಳಿಗೆಯಲ್ಲಿ. ದೊರೆಯ ಈ ಮುಂದಾಲೋಚನೆಯನ್ನು ಇತಿಹಾಸಕಾರರು ಸಾಕಷ್ಟು ಹೊಗಳಿಲ್ಲ.

3. ಅನುಮಾನ
ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಹಳೆಯ ವ್ಯಾಪ್ತಿ. ಗುಂಪಿದ್ದಲ್ಲಿ ಪ್ರೇಕ್ಷಣೀಯ ಸ್ಥಳ ಎಂಬುದು ಹೊಸದು. ಈ ನ್ಯಾಯದಿಂದ ದೇವದತ್ತ ಮಲಿಕ್-ಎ-ಮೈದಾನ್ ತೋಪನ್ನು ತಲುಪುತ್ತಾನೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಸುಮಾರು 55 ಟನ್ನಿನ ಈ ತೋಪು 1854ರಲ್ಲಿ ಹರಾಜಿಗೆ ಬಂದಾಗ ಯಾರೂ 150 ರೂಪಾಯಿಗಿಂತ ಹೆಚ್ಚು ಕೂಗಲಿಲ್ಲ. ಕೂಗಬೇಕಾದಲ್ಲಿ ಕೂಗದೆ ಗುಮ್ಮಟದಲ್ಲಿ ಕೂಗುವ ಪರಂಪರೆಗೆ ಇದೇ ಮೊದಲ ದಾಖಲೆ. ಅಷ್ಟು ಅಗ್ಗಕ್ಕೆ ಕೊಡಲು ಮನಸ್ಸಾಗದೆ ಸರಕಾರ ತೋಪನ್ನು ಉಳಿಸಿಕೊಂಡಿತು. ತೋಪಿನ ಬಾಯಿ ಸಿಂಹದ್ದು, ಹಲ್ಲಿನಡಿ ಆನೆ ಸಿಕ್ಕಿಕೊಂಡಿದೆ. ಆದರೂ ತನಗೊಂದಿಷ್ಟು ಜಾಗವಿದ್ದೀತೆಂದು ದೇವದತ್ತ ತಲೆಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಾನೆ.

4. ಉಪಮಾನ
ಗವಯವೆಂಬ ಕಾಡುಪ್ರಾಣಿಗೂ ಹಸುವಿಗೂ ಇರುವ ಹೋಲಿಕೆಯಿಂದ ತಿಳಿಯುವುದು ಉಪಮಾನ. ಇಬ್ರಾಹಿಂ ರೋಜಾ ತಾಜಮಹಲಿನ ಹಾಗಿದೆ ಎಂದು ದೇವದತ್ತ ತಿಳಿಯುತ್ತಾನೆ. ಅಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಆದಿಲಶಾಹ ತೀರಿಕೊಂಡದ್ದು 1627ರಲ್ಲಿ. ತಾಜಮಹಲಿನ ಕೆಲಸ ಶುರುವಾದದ್ದೇ 1632ರ ಸುಮಾರಿಗೆ. ಅಜ್ಜನ ಮೂಗು ಮೊಮ್ಮಗನ ಮೂಗಿನಂತಿದೆ ಎಂದು ಮೆಚ್ಚಿದಂತಾಯಿತು. ಇಲ್ಲಿ ಟಾಂಗಾದವರು ಪ್ರತಿವಾದಿಯಾಗುತ್ತಾರೆ: "ಗಡಿಬಿಡಿ ಮಾಡಬ್ಯಾಡ್ರೀ ಸರ. ಒಂದೀಟು ಕುಂತು ನೋಡ್ರಿ, ಅಷ್ಟರಾಗ ಕುದುರೀಗೆ ಹುಲ್ಲು ಹಾಕ್ತೀನಿ." ಕೂತಿದ್ದರೆ ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರವಾಗಿ ಕೊರೆದದ್ದು ಕಾಣುತ್ತಿತ್ತು, ಯಾವ ಆಧಾರವೂ ಕಾಣದಂತೆ ನಿಂತ ಒಳಗಿನ ಸಪಾಟು ಛಾವಣಿ ಕಾಣುತ್ತಿತ್ತು. ಈ ವಾದಕ್ಕೆ ದೇವದತ್ತ ಗಡಿಯಾರ ನೋಡಿ ಉತ್ತರಿಸುತ್ತಾನೆ.

5. ಅರ್ಥಾಪತ್ತಿ
ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಶಾಸ್ತ್ರಪ್ರಸಿದ್ಧ. ಪ್ರಸ್ತುತದಲ್ಲಿ ಅವನು ಯಾವ ಸ್ಮಾರಕದಲ್ಲೂ ಹೆಚ್ಚು ಹೊತ್ತು ನಿಲ್ಲಲಿಲ್ಲ, ಆದರೂ ಹಗಲು ಮುಗಿಯಿತು. ಆದ್ದರಿಂದ ಹಗಲಲ್ಲೇ ಉಂಡಿದ್ದಾನೆ. ಖಾನಾವಳಿಯ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದಕ್ಕೆ ಸಾಕ್ಷಿ. ಇಡೀ ದಿನದಲ್ಲಿ ಅವನು ಬೆನ್ನು ತಿರುಗಿಸದೆ ಎದುರಿಸಿದ ವಸ್ತು ಇದೊಂದೇ ಎಂಬುದನ್ನು ನ್ಯಾಯಕ್ಕಾಗಿ ದಾಖಲಿಸಬೇಕು.

6. ಅನುಪಲಬ್ಧಿ
ಕಾಣದ್ದರಿಂದ ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ಎರಡನೆಯ ಅಲಿ ಆದಿಲಶಾಹನ ಅಪೂರ್ಣ ಸಮಾಧಿ ಬಾರಾಕಮಾನಿನಲ್ಲಿ ಛಾವಣಿ ಕಾಣದು, ಆದ್ದರಿಂದ ಇಲ್ಲ. ಇಷ್ಟು ಸರಿ. ಆದರೆ ಜಾಮಿಯಾ ಮಸೀದಿಯ ನೆಲದಲ್ಲಿ ಗೆರೆ ಹಾಕಿ ಗುರುತಿಸಿದ 2,250 ಪ್ರಾರ್ಥನೆಯ ಜಾಗಗಳು, 1620ರ ತಾಜ್ ಬಾವಡಿ, ಮೈ ಸುತ್ತ ಮೆಟ್ಟಿಲು ಹೊದ್ದ ಉಪ್ಪಲಿ ಬುರುಜು ಇವೂ ಐದರ ಬಸ್ಸಿನ ಕಾರಣ ಕಾಣಲಿಲ್ಲ. ಆದ್ದರಿಂದ ಅವೂ ಇಲ್ಲ. ಊರಿಗೆ ಮರಳಿದ ದೇವದತ್ತ "ಬಿಜಾಪುರದಲ್ಲಿ ನೋಡೋಕೆ ಅಂಥದ್ದೇನಿಲ್ಲ" ಎಂದು ನಿರ್ಣಯ ಕೊಡುತ್ತಾನೆ.

ಫಲಶ್ರುತಿ: ಈ ಮೀಮಾಂಸೆಯನ್ನು ಬಸ್ಸಿನಲ್ಲಿ ಪಠಿಸಿದವನಿಗೆ ಕಿಟಕಿ ಪಕ್ಕದ ಸೀಟು ಲಭಿಸುತ್ತದೆ. ಬಾಗಿಲು ತೆರೆದ ಕೂಡಲೇ ಮೊಗಸಾಲೆ ಏರಿ, ಕೂಗದೆ ಪಿಸುಗುಟ್ಟಿದವನಿಗೆ ಆಚೆಯಿಂದ ಇನ್ನೊಬ್ಬರ ದನಿ ಲಭಿಸುತ್ತದೆ. ಐದರ ಬಸ್ಸು ತಪ್ಪಿಸಿಕೊಂಡು ಆ ಊರಲ್ಲೇ ಒಂದು ರಾತ್ರಿ ಉಳಿದವನಿಗೆ ಮಾತ್ರ ಏನೂ ಲಭಿಸದು. ಅವನು ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲ. ಮಾರನೆಯ ಬೆಳಗ್ಗೆ ಅವನು ಟಾಂಗಾದವರ ಶಿಷ್ಯ.