ವೈಫೈ ಮೀಮಾಂಸೆ

200 ಎಂಬಿಪಿಎಸ್‌ಗೆ ತಿಂಗಳು ತಿಂಗಳು ಕಾಸು ಕಟ್ಟುವವನ ಮನೆಯ ಹಿಂಕೋಣೆಯಲ್ಲಿ 11 ಮಾತ್ರ ಸಿಗುವುದೇಕೆ, ಉಳಿದ 189 ಎಲ್ಲಿ ಹೋಯಿತು ಎಂಬುದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ. ಅಧ್ಯಯನದ ವ್ಯಾಪ್ತಿ: ಮೈಸೂರಿನ ನಮ್ಮ ಮನೆ, ಅಡುಗೆಮನೆ ಸಹಿತ. ವಕ್ತೃಗಳು: ಹೆಂಡತಿ, ಮಗ ಮತ್ತು ಅಮ್ಮ. ಇವರಲ್ಲಿ ಅಮ್ಮನ ಹೇಳಿಕೆಯನ್ನು ಶಾಸ್ತ್ರೀಯವಲ್ಲವೆಂದು ಆರಂಭದಲ್ಲೇ ಕೈಬಿಡಲಾಯಿತು.

ಮೊದಲು ಪೂರ್ವಪಕ್ಷ. ಪ್ರಾಚೀನವಾದದ್ದು 'ಆಫ್ ಮಾಡಿ ಆನ್ ಮಾಡಿ' ಪಂಥ. ಕಂಪನಿಯಲ್ಲಿ ಫೋನ್ ಎತ್ತುವವರೆಲ್ಲ ಇದರ ಆಚಾರ್ಯರು. ಏನು ಕೇಳಿದರೂ ಉತ್ತರ ಇದೇ. ಆಗಾಗ ಫಲಿಸುವುದೂ ಉಂಟು. ಮತ್ತೆ ಏಳುವಾಗ ಎಷ್ಟೋ ರೂಟರುಗಳು ಗಲಾಟೆ ಕಡಿಮೆಯಿರುವ ಚಾನೆಲ್ ಹುಡುಕಿ ಕೂರುತ್ತವೆ ಎಂಬ ರಹಸ್ಯವನ್ನು ಮಾತ್ರ ಆಚಾರ್ಯರು ಬಿಟ್ಟುಕೊಡುವುದಿಲ್ಲ. ಎರಡನೆಯದು 'ಆಂಟೆನಾ ತಿರುಗಿಸು' ಪಂಥ. ದೂರದರ್ಶನದ ಕಾಲದಲ್ಲಿ ಹೆಂಚಿನ ಮೇಲೆ ನಿಂತು "ಬಂತಾ?" ಎಂದು ಕೂಗಿದವರ ಸಂತತಿ ಇದು. ಇವರು ಆಂಟೆನಾದ ತುದಿಯನ್ನು ಬಂದೂಕಿನಂತೆ ಕೋಣೆಯತ್ತ ಗುರಿಯಿಡುತ್ತಾರೆ. ಕಡ್ಡಿ ಆಂಟೆನಾದ ಅಲೆ ಸುತ್ತ ಹರಡುತ್ತದೆಯೇ ಹೊರತು ತುದಿಯಿಂದ ಚಿಮ್ಮುವುದಿಲ್ಲವಾದ್ದರಿಂದ, ಗುರಿಯಿಟ್ಟ ಕೋಣೆಗೇ ಅತಿ ಕಡಿಮೆ ಸಲ್ಲುತ್ತದೆ. ಮೂರನೆಯದಾದ 'ಪ್ಲಾನ್ ಏರಿಸಿ' ಪಂಥದ ಖಂಡನೆಗೆ ನಮ್ಮ ಬ್ಯಾಂಕ್ ಪಾಸ್‌ಬುಕ್ಕೇ ಸಾಕು.

ಇನ್ನು ಸಿದ್ಧಾಂತ. ಕಂಪನಿಯಿಂದ ಮನೆಗೆ ಬರುವ ಗಾಜಿನ ನಾರು, ಅಂದರೆ ಫೈಬರ್, ನಿರ್ದೋಷಿ. ಕೂದಲಿನಷ್ಟು ತೆಳ್ಳಗಿನ ಅದರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡಿ ನಮ್ಮ ಹಾಲ್ ತನಕ ಬಂದು, ಅಲ್ಲಿಂದ ಹಿಂಕೋಣೆಗೆ ಹೋಗಲಾರದೆ ಸುಸ್ತಾಗುತ್ತದೆ. ಇದನ್ನು ಸಾಧಿಸಲು ಲ್ಯಾಪ್‌ಟಾಪಿಗೆ ನೇರವಾಗಿ ಲ್ಯಾನ್ ಕೇಬಲ್ ಚುಚ್ಚಿ ಅಳೆದೆ. ಬಂದದ್ದು 94. ಸಿದ್ಧಾಂತವೇ ಬಿದ್ದುಹೋಯಿತೆಂದು ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಕೇಬಲ್ಲಿನ ತುದಿಯನ್ನು ಕನ್ನಡಕ ಏರಿಸಿ ನೋಡಿದರೆ, ಎಂಟು ತಂತಿ ಇರಬೇಕಾದಲ್ಲಿ ನಾಲ್ಕೇ ಇದ್ದವು! ನಾಲ್ಕು ತಂತಿಯ ಕೇಬಲ್ 100 ದಾಟುವುದಿಲ್ಲ. ಬೇರೆ ಕೇಬಲ್ ಹಾಕಿದೆ, 198 ಬಂತು.

ಮುಂದಿನದು ದ್ವೈತಾದ್ವೈತ ವಿಚಾರ. ರೂಟರಿಗೆ ಎರಡು ಧ್ವನಿ. 2.4 ಗಿಗಾಹರ್ಟ್ಸ್‌ನ ಅಲೆ ಹನ್ನೆರಡೂವರೆ ಸೆಂಟಿಮೀಟರ್ ಉದ್ದ. ಗೋಡೆ ದಾಟಿ ದೂರ ಹೋಗುತ್ತದೆ. ಆದರೆ ಅದರಲ್ಲಿ ಒಂದನ್ನೊಂದು ತಾಗದ ಚಾನೆಲ್ ಮೂರೇ: 1, 6, 11. ಆ ಮೂರಕ್ಕೆ ಇಡೀ ವಠಾರದ ರೂಟರುಗಳು ಬೀದಿ ನಲ್ಲಿಯ ಕೊಡಗಳಂತೆ ಸಾಲು ನಿಲ್ಲುತ್ತವೆ. ನಡುವೆ ಮೈಕ್ರೋವೇವ್ ಓವನ್ ಬೇರೆ ಅದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ. 5 ಗಿಗಾಹರ್ಟ್ಸ್ ವೇಗಶಾಲಿ, ಚಾನೆಲ್ಲೂ ಧಾರಾಳ. ಗೋಡೆ ಕಂಡರೆ ಮಾತ್ರ ಬಳಲುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟವರು ದ್ವೈತಿಗಳು, ಒಂದೇ ಹೆಸರಿಟ್ಟವರು ಅದ್ವೈತಿಗಳು. ಅದ್ವೈತಿಗಳ ಮನೆಯಲ್ಲಿ ಫೋನ್ ಎಂಬ ಜೀವ ಮಾಯೆಗೆ ಸಿಕ್ಕಿ, ರೂಟರ್ ಎದುರಿಗೇ ಇದ್ದರೂ ಎಷ್ಟೋ ಸಲ 2.4ಕ್ಕೇ ಜೋತುಬಿದ್ದಿರುತ್ತದೆ. ಆದ್ದರಿಂದ ಈ ಲೇಖಕ ಈ ವಿಷಯದ ಮಟ್ಟಿಗೆ ದ್ವೈತಿ.

ಕೊನೆಗೆ ಕ್ಷೇತ್ರಕಾರ್ಯ. ರೂಟರ್ ಇದ್ದದ್ದು ಬೀದಿ ಬಾಗಿಲ ಪಕ್ಕ, ಟಿವಿಯ ಬೆನ್ನಿಗೆ. ಕೇಬಲ್ ಹುಡುಗನ ಡ್ರಿಲ್ಲಿಗೆ ಅದೇ ಹತ್ತಿರವಾಗಿತ್ತು. ಮುಂದೆ ಹಿತ್ತಾಳೆಯ ನಟರಾಜ. ಮೇಲೆ ಅಮ್ಮ ಹೆಣೆದ ಕ್ರೋಶಾ ಹೊದಿಕೆ, ನಾಲ್ಕು ಮೂಲೆಗೂ ಕುಚ್ಚು. ಅಲ್ಲಿಂದ ಹಿಂಕೋಣೆಗೆ ನಡುವೆ ಎರಡು ಗೋಡೆ, ಒಂದು ಆಳೆತ್ತರದ ಸ್ಟೀಲ್ ಬೀರು. ಲೋಹ ದಾಟುವ ವಿದ್ಯೆ ವೈಫೈಗೆ ಇಲ್ಲ. ಬೀರುವಿನ ಒಳಗಿದ್ದ ಮದುವೆ ಸೀರೆಗಳ ಪರಿಣಾಮವನ್ನು ಮುಂದಿನ ಸಂಶೋಧಕರು ಪರಿಶೀಲಿಸಬಹುದು.

ಈ ಅಧ್ಯಾಯದ ಕರಡು ಮುಗಿಯುವಷ್ಟರಲ್ಲಿ ಗೌರಿಹಬ್ಬದ ಧೂಳು ಹೊಡೆಯುವ ದಿನ ಬಂತು. "ಇದನ್ನ ಈ ಮೂಲೇಲಿ ಯಾಕೆ ಬಚ್ಚಿಟ್ಟಿದೀರೋ, ಮೊದಲೇ ಹೇಳಿದ್ದೆ" ಎಂದು ಅಮ್ಮ ಗೊಣಗುತ್ತ, ಸುರುಳಿ ಸುತ್ತಿಟ್ಟಿದ್ದ ನಾರನ್ನು ಮಡಿಕೆ ಬೀಳದಂತೆ ಮಗನ ಕೈಯಲ್ಲಿ ಬಿಡಿಸಿ, ರೂಟರನ್ನು ನಡುಮನೆಯ ಸಜ್ಜಾ ಮೇಲೆ ಇಡಿಸಿದರು. ಹೊದಿಕೆ ಒಗೆಯಲು ಹೋಯಿತು. ಆ ಸಂಜೆ ಹಿಂಕೋಣೆಯಲ್ಲಿ 143.

ಸಜ್ಜಾ ಈಗ ಎಲ್ಲರ ಕೈಗೆಟುಕುವ ಜಾಗ. ನಮ್ಮ ಮನೆಗೆ ಬರುವ ವಿದ್ವಾಂಸರು ಪಾಸ್‌ವರ್ಡ್ ಧಾರಾಳವಾಗಿ ಕೇಳಬಹುದು. ಹೆಲ್ಮೆಟ್ಟನ್ನು ಮಾತ್ರ ದಯವಿಟ್ಟು ರೂಟರಿನ ಮೇಲೆ ಇಡಬೇಡಿ.