ಮೂಕರ್ಜಿಗಳ ಗೋಡೆ

ಕಚೇರಿಗಳಲ್ಲಿ ಮೂಕರ್ಜಿಗೆ ಮರ್ಯಾದೆಯಿಲ್ಲ. ಹೆಸರು, ವಿಳಾಸ, ಸಹಿ ಇಲ್ಲದ ಕಾಗದವನ್ನು ಪರಿಗಣಿಸಬೇಕಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಬಾಗಿಲು ಮುಂದೆ ಮಾಡಿಕೊಂಡು ಎರಡೆರಡು ಸಲ ಓದುವುದೂ ಅದನ್ನೇ. ಕೋಲಾರದ ಕಡೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವ ನನಗೆ ಈಚೆಗೆ ಇಂಥ ಅರ್ಜಿಗಳು ರಾಶಿರಾಶಿ ಬರುತ್ತಿವೆ. ನಾನೇ ಬೇಡಿ ಬರೆಸಿಕೊಳ್ಳುವಂಥವು.

ಏರ್ಪಾಡು ಸರಳ. ಪ್ಯಾಡ್ಲೆಟ್ ಎಂಬ ಜಾಲತಾಣದಲ್ಲಿ ಒಂದು ಖಾಲಿ ಗೋಡೆ ತೆರೆದು, ಅದರ ಲಿಂಕನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಮಕ್ಕಳು ಖಾತೆ ತೆರೆಯಬೇಕಿಲ್ಲ, ಹೆಸರು ಹೇಳಬೇಕಿಲ್ಲ. ಒತ್ತಿದರೆ ಒಂದು ಚೀಟಿ. ಬರೆದದ್ದು ಎಲ್ಲರ ಪರದೆಯ ಮೇಲೆ. ಈ ತಾಣಕ್ಕೆ ಮೊದಲು ವಾಲ್‌ವಿಷರ್ ಎಂಬ ಹೆಸರಿತ್ತು. ಚೀಟಿಗಳ ಮೂಲಪುರುಷ ಮಾತ್ರ ಅಮೆರಿಕದ ತ್ರೀಎಂ ಕಂಪನಿಯ ಹಳದಿ ಅಂಟುಚೀಟಿ. 1968ರಲ್ಲಿ ಗಟ್ಟಿ ಗೋಂದು ಮಾಡಲು ಹೊರಟ ಸ್ಪೆನ್ಸರ್ ಸಿಲ್ವರ್‌ಗೆ ಅರೆಬರೆ ಅಂಟುವ ಗೋಂದು ಸಿಕ್ಕಿತು. ಅದರಿಂದ ಏನು ಪ್ರಯೋಜನ ಎಂಬುದು ಹೊಳೆಯಲು ಬಹಳ ವರ್ಷಗಳೇ ಹಿಡಿದವು. ಹೊಳೆದದ್ದು ಆರ್ಟ್ ಫ್ರೈ ಎಂಬ ಸಹೋದ್ಯೋಗಿಗೆ, ಚರ್ಚಿನ ಹಾಡಿನ ಪುಸ್ತಕದಿಂದ ಗುರುತಿನ ಚೀಟಿಗಳು ಜಾರಿ ಬೀಳುತ್ತಿದ್ದುದರ ಕಿರಿಕಿರಿಯಲ್ಲಿ.

'ಮೊಬೈಲ್ ತೆಗೀರಿ' ಎಂದು ಮೊದಲ ಸಲ ಹೇಳಿದಾಗ ಒಬ್ಬರೂ ತೆಗೆಯಲಿಲ್ಲ. ಸಿಕ್ಕಿಹಾಕಿಸುವ ಉಪಾಯವಿರಬೇಕು ಎಂದುಕೊಂಡರೋ ಏನೋ. ತರಗತಿಯಲ್ಲಿ ಮೊಬೈಲ್ ಕಂಡರೆ ವಶಪಡಿಸಿಕೊಳ್ಳಲಾಗುವುದು ಎಂಬ ಸೂಚನೆ ಬಾಗಿಲ ಪಕ್ಕದಲ್ಲೇ ಇತ್ತು, ಕೆಳಗೆ ನನ್ನದೇ ಸಹಿ.

ಇಷ್ಟಕ್ಕೂ ಈ ಉಸಾಬರಿ ಯಾಕೆ? ಊಟದ ನಂತರದ ಪೀರಿಯಡ್ಡಿನಲ್ಲಿ 'ಅರ್ಥವಾಯ್ತಾ?' ಎಂದು ಕೇಳಿದರೆ 'ಹೂಂ ಸಾರ್' ಎಂಬ ಮೇಳದ ಉತ್ತರ ಬರುತ್ತದೆ. 'ಏನು ಅರ್ಥವಾಯ್ತು?' ಎಂದರೆ ಎಲ್ಲರೂ ಪುಸ್ತಕದೊಳಗೆ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಿಕೆಗಳನ್ನು ಕೇಳಿ ಅಳೆದು ನೋಡಿದರು: ಪ್ರಶ್ನೆ ಕೇಳಿದ ಮೇಲೆ ಮೇಷ್ಟರು ಕಾಯುವುದು ಸರಾಸರಿ ಒಂದೇ ಸೆಕೆಂಡು! ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಉತ್ತರಿಸುವವರೂ ಹೆಚ್ಚುತ್ತಾರೆ. ಬಾಯಿ ಮುಚ್ಚಿಕೊಂಡಿರುವುದಕ್ಕೆ ನಮಗೆ ಬಿ.ಎಡ್.ನಲ್ಲಾಗಲಿ ಪಿಎಚ್‌.ಡಿ.ಯಲ್ಲಾಗಲಿ ತರಬೇತಿಯಿಲ್ಲ. ಈ ಗೋಡೆಯ ಮುಂದೆ ನಿಂತರೆ ಮಾತ್ರ ಚೀಟಿಗಳು ಬೀಳುವವರೆಗೆ ಸುಮ್ಮನಿರದೆ ಗತಿಯಿಲ್ಲ.

ಮೊದಮೊದಲು ಬಿದ್ದವು 'ಹಾಯ್', 'ಫ್ಯಾನ್ ತಿರುಗ್ತಿಲ್ಲ ಸಾರ್', ಮತ್ತು ಯಾವುದೋ ಹುಡುಗಿಯ ಹೆಸರಿನ ಮೊದಲಕ್ಷರದ ಪಕ್ಕ ಒಂದು ಹೃದಯ. ಅಂಥವನ್ನು ತಡೆಯಲು, ಮೇಷ್ಟರು ಒಪ್ಪಿದ ಮೇಲೆಯೇ ಚೀಟಿ ಗೋಡೆಗೇರುವಂತೆ ಮಾಡುವ ಸೌಲಭ್ಯವಿದೆ. ನಾನು ಅದನ್ನು ಹಾಕಿಟ್ಟಿದ್ದೇನೆ. ಫ್ಯಾನಿನ ಚೀಟಿಯನ್ನು ಮಾತ್ರ ಒಪ್ಪಿದೆ, ವಿಷಯ ನಿಜವಾಗಿತ್ತು.

ಬೇಡಿಕೆ-ಪೂರೈಕೆ ಪಾಠದ ದಿನ ಹೀಗೊಂದು ಚೀಟಿ ಬಂತು: 'ಬೇಡಿಕೆ ಇದ್ದರೆ ಬೆಲೆ ಇರುತ್ತೆ ಅಂತೀರಿ. ಟೊಮೆಟೊ ಎಲ್ಲರೂ ದಿನಾ ತಿಂತಾರೆ. ಮತ್ತೆ ನಮ್ಮಪ್ಪ ಹೋದ ವಾರ ಯಾಕೆ ಹಣ್ಣು ರಸ್ತೆಗೆ ಸುರಿದು ಬಂದ್ರು?' ನಾನು ಬಾಯಿ ತೆರೆಯುವಷ್ಟರಲ್ಲಿ ಅದರ ಕೆಳಗೆ ಇನ್ನೊಂದು: 'ನಮ್ಮ ಮನೇಲೂ.' ಮತ್ತೊಂದು: '2023ರಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿತ್ತಲ್ಲ, ಅದನ್ನ ನೋಡಿ ಊರಿಗೆ ಊರೇ ಟೊಮೆಟೊ ಹಾಕಿತು.' ಆಮೇಲೆ ನಾಟಿಯ ಖರ್ಚು, ಕಡ್ಡಿ-ದಾರದ ಖರ್ಚು, ಮಂಡಿಯ ಕಮಿಷನ್, ಬಿಡಿಸುವ ಕೂಲಿಯೂ ಹುಟ್ಟದ ದಿನ, ಹಣ್ಣು ಎಷ್ಟು ದಿನ ತಡೆಯುತ್ತದೆ ಎಂಬ ಲೆಕ್ಕ. ಹಿಂದಿನ ಫಸಲಿನ ಬೆಲೆ ನೋಡಿ ಮುಂದಿನ ಫಸಲು ಇಡುವುದರಿಂದ ಬೆಲೆ ಹೀಗೆ ಏರಿಳಿಯುವುದಕ್ಕೆ ನಿಕೊಲಸ್ ಕಾಲ್ಡೋರ್ 1934ರಲ್ಲಿ ಜೇಡರಬಲೆ ಎಂದು ಹೆಸರಿಟ್ಟ. ಅದು ನನ್ನ ಪಾಠಯೋಜನೆಯಲ್ಲಿ ಮುಂದಿನ ಸೆಮಿಸ್ಟರಿಗಿತ್ತು. ಮಕ್ಕಳು ಅಂದೇ ಅದನ್ನು ಬಿಡಿಸಿಟ್ಟಿದ್ದರು. ನನಗೆ ಉಳಿದದ್ದು ಕಾಲ್ಡೋರನ ಹೆಸರು ಹೇಳುವ ಕೆಲಸ.

ಮೊದಲ ಚೀಟಿ ಬರೆದವರು ಯಾರೆಂದು ನಾನು ಕೇಳಲಿಲ್ಲ. ಕೈ ಎತ್ತಿ ಹೇಳು ಎಂದಿದ್ದರೆ ಅಪ್ಪನ ಸಾಲ ಅರವತ್ತು ಜನರೆದುರು ಎದ್ದು ನಿಲ್ಲಬೇಕಿತ್ತು. ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ನಾವು ಓದುವಾಗ ಭಿತ್ತಿಪತ್ರಿಕೆ ಇತ್ತು. ಗಾಜಿನ ಪೆಟ್ಟಿಗೆ, ಅದಕ್ಕೆ ಬೀಗ, ಬೀಗದ ಕೈ ಅಟೆಂಡರ್ ಹತ್ತಿರ, ಅಟೆಂಡರ್ ರಜೆಯ ಮೇಲೆ. ಯುಗಾದಿ ಸಂಚಿಕೆ ದೀಪಾವಳಿಯವರೆಗೂ ಗಾಜಿನ ಹಿಂದೆ ಮಾಸುತ್ತಿತ್ತು. ಈಗಿನ ಗೋಡೆಗೆ ಬೀಗವಿಲ್ಲ ನಿಜ, ಆದರೆ ಜಾಗ ನಮ್ಮದಲ್ಲ. ಗೂಗಲ್‌ನ ಜಾಮ್‌ಬೋರ್ಡನ್ನು ಲೋಕದ ಮೇಷ್ಟರೆಲ್ಲ ಕಷ್ಟಪಟ್ಟು ಕಲಿತರು. 2024ರ ಡಿಸೆಂಬರ್ 31ಕ್ಕೆ ಕಂಪನಿ ಅದನ್ನು ಮುಚ್ಚಿಬಿಟ್ಟಿತು. ಅಟೆಂಡರನಾದರೋ ರಜೆ ಮುಗಿಸಿ ಬರುತ್ತಿದ್ದ.

ಈ ವರ್ಷ ಕಾಲೇಜಿಗೆ ಪರಿಶೀಲನಾ ತಂಡ ಬರಲಿದೆ. ತಂತ್ರಜ್ಞಾನ ಬಳಸಿ ಪಾಠ ಮಾಡಿದ್ದಕ್ಕೆ ಆಧಾರ ಕೊಡಿ ಎಂದರು. ಗೋಡೆಯನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಫೈಲಿಗೆ ಟ್ಯಾಗ್ ಕಟ್ಟಿ ಒಯ್ದೆ. ಕಡತ ನೋಡಿಕೊಳ್ಳುವ ಮೇಡಂ ಕನ್ನಡಕ ಏರಿಸಿ ಒಂದೊಂದೇ ಚೀಟಿ ಓದಿದರು. ಟೊಮೆಟೊದ ಹತ್ತಿರ ಸ್ವಲ್ಪ ಹೊತ್ತು ನಿಂತರು. ಆಮೇಲೆ ಫೈಲ್ ನನ್ನತ್ತ ತಳ್ಳಿ, 'ಎಲ್ಲಾ ಚೆನ್ನಾಗಿದೆ ಸಾರ್. ಪ್ರತಿ ಚೀಟಿ ಪಕ್ಕ ಹುಡುಗರ ಹೆಸರು, ರೋಲ್ ನಂಬರ್, ಒಂದು ಸಹಿ ಹಾಕಿಸಿಬಿಡಿ' ಎಂದರು.