ಮನೆ ಮಾರಿ ನೋಡು

ಪೂರ್ಣಾವಧಿ ಆರ್‌ವಿವಾಸಿ ಎಂದರೆ ಅಮೆರಿಕದಲ್ಲಿ ಇದ್ದ ಮನೆ ಮಾರಿ, ಒಲೆ, ಮಂಚ, ಕಕ್ಕಸು ಎಲ್ಲವೂ ಇರುವ ‘ಆರ್‌ವಿ’ ಎಂಬ ವಾಹನವೊಂದರಲ್ಲಿ ವರ್ಷದ ಹನ್ನೆರಡು ತಿಂಗಳೂ ಸಂಸಾರ ಮಾಡುವವನು. ಇಲ್ಲಿ ವಿವರಿಸುವುದು ಅವನನ್ನಲ್ಲ, ಅವನಾಗಲು ಹೊರಟವನನ್ನು. ಅಭ್ಯರ್ಥಿಗೆ ಸಾಮಾನ್ಯವಾಗಿ ಅರವತ್ತರ ಆಸುಪಾಸು. ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಲಕ್ಷಣಗಳು ಕಾಣಿಸುತ್ತವೆ: ಅಂಗಳದ ಹುಲ್ಲು ಕಂಡರೆ ಸಿಡುಕು, ಊಟದ ಮಧ್ಯೆ ‘ಸ್ವಾತಂತ್ರ್ಯ’ ಎಂಬ ಮಾತು. ಕುಕ್ಕರು, ಚಟ್ನಿಪುಡಿ ಡಬ್ಬಿ ಕಟ್ಟಿಕೊಂಡು ಬಾಡಿಗೆಯ ಆರ್‌ವಿಯಲ್ಲಿ ಒಂದು ವಾರ ಯೆಲ್ಲೊಸ್ಟೋನ್ ನೋಡಿಬರುವ ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬ ಈ ಜಾತಿಗೆ ಸೇರದು. ಅದಕ್ಕೆ ವಾಪಸು ಹೋಗಲು ಮನೆಯಿದೆ.

ಮೊದಲ ಘಟ್ಟ ವಾಹನದ ಆಯ್ಕೆ. ಎಂಜಿನ್ ಇರುವವುಗಳಲ್ಲಿ ಎ, ಬಿ, ಸಿ ಎಂದು ಮೂರು ದರ್ಜೆ. ಎ ಬಸ್ಸಿನಂಥದು, ಬಿ ವ್ಯಾನು, ಸಿ ಎಂದರೆ ಚಾಲಕನ ನೆತ್ತಿಯ ಮೇಲೆ ಅಟ್ಟವಿರುವುದು. ಗಾತ್ರದಲ್ಲಿ ಸಿ ಇರುವುದು ಎ ಮತ್ತು ಬಿ ನಡುವೆ ಎಂಬುದು ಹೊಳೆಯುವಷ್ಟರಲ್ಲಿ ಒಂದು ತಿಂಗಳು ಕಳೆದಿರುತ್ತದೆ. ಎಂಜಿನ್ ಇಲ್ಲದವನ್ನು ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯಬೇಕು. ಅವುಗಳಲ್ಲಿ ಫಿಫ್ತ್ ವೀಲ್ ಎಂಬುದೊಂದಿದೆ. ಬಗ್ಗಿ ಹುಡುಕಿದವರಿಗೆ ಐದನೆಯ ಚಕ್ರ ಸಿಕ್ಕಿಲ್ಲ. ಅಮೆರಿಕದ ಬಹುಪಾಲು ಆರ್‌ವಿಗಳು ಹುಟ್ಟುವುದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಊರಿನ ಸುತ್ತಮುತ್ತ. ಅಲ್ಲಿ ಆರ್‌ವಿಗಳದ್ದೇ ಒಂದು ಮ್ಯೂಸಿಯಂ ಇದೆ. ಅಭ್ಯರ್ಥಿ ಹೆಂಡತಿಯೊಡನೆ ಹೋಗಿ ದರ್ಶನ ಮಾಡಿ ಬರುತ್ತಾನೆ.

ಕೊನೆಗೆ ಕೊಳ್ಳುವುದು 34 ಅಡಿ ಉದ್ದದ ಎ ದರ್ಜೆ. ಅಲ್ಲಿಯವರೆಗೆ ಅವನು ಓಡಿಸಿದ್ದು ಕಾರು ಮಾತ್ರ. ಆದರೆ ಬಹುತೇಕ ರಾಜ್ಯಗಳಲ್ಲಿ 26,000 ಪೌಂಡಿನೊಳಗಿನ, ಅಂದರೆ ಸುಮಾರು 11,800 ಕಿಲೋದೊಳಗಿನ ಆರ್‌ವಿಗೆ ಕಾರಿನ ಲೈಸೆನ್ಸೇ ಸಾಕು. ಹೀಗಾಗಿ ಬೆಳಿಗ್ಗೆ ಗುಮಾಸ್ತನಾಗಿದ್ದವನು ಮಧ್ಯಾಹ್ನ ಬಸ್ ಡ್ರೈವರ್ ಆಗಿಬಿಡುತ್ತಾನೆ. ಉತ್ತರ ಕ್ಯಾರೊಲಿನಾದ ಡರ್ಹಮ್‌ನಲ್ಲಿ 11 ಅಡಿ 8 ಅಂಗುಲ ಎತ್ತರದ ರೈಲು ಸೇತುವೆಯೊಂದು ದಶಕಗಳ ಕಾಲ ಇಂಥ ವಾಹನಗಳ ನೆತ್ತಿ ಸವರುತ್ತಿತ್ತು. 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದರು, ಸವರುವುದು ನಿಂತಿಲ್ಲ. ಅದರ ವಿಡಿಯೊ ನೋಡಿದ ಮರುದಿನ ಅಭ್ಯರ್ಥಿ ಏಣಿ ಹಾಕಿ ತನ್ನ ವಾಹನದ ಎತ್ತರ ಅಳೆದು, ಚೀಟಿ ಬರೆದು ಸ್ಟೀರಿಂಗ್ ಎದುರು ಅಂಟಿಸುತ್ತಾನೆ. ಅಳೆಯುವಾಗ ಛಾವಣಿಯ ಮೇಲಿನ ಏಸಿಯನ್ನು ಮರೆತಿರುತ್ತಾನೆ.

ಎರಡನೆಯ ಘಟ್ಟ ಮನೆ ಖಾಲಿ ಮಾಡುವುದು. ಕನ್ನಡದ ಗಾದೆ ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಿಲ್ಲುತ್ತದೆ. ಮನೆ ಮಾರಿ ನೋಡು ಎಂಬ ಮೂರನೆಯ ಭಾಗವನ್ನು ಸೇರಿಸಬೇಕಾದವರು ಇವರು. ಮೂವತ್ತು ವರ್ಷ ಜೋಪಾನ ಮಾಡಿದ ಪಿಂಗಾಣಿ ಸೆಟ್ಟು ಮಕ್ಕಳಿಗೆ ಬೇಡ, ಗ್ಯಾರೇಜ್ ಸೇಲಿಗೆ ಬಂದ ಅಪರಿಚಿತರಿಗೂ ಬೇಡ. ವಾಹನದೊಳಗೆ ಎಷ್ಟು ಭಾರ ಹೇರಬಹುದೆಂದು ಬಾಗಿಲ ಬಳಿ ಒಂದು ಚೀಟಿ ಹೇಳುತ್ತದೆ, ನೀರೂ ಅದರ ಲೆಕ್ಕಕ್ಕೇ ಬರುತ್ತದೆ. 100 ಗ್ಯಾಲನ್ ತುಂಬಿದರೆ 378 ಕಿಲೋ. 1954ರ ‘ದಿ ಲಾಂಗ್, ಲಾಂಗ್ ಟ್ರೇಲರ್’ ಚಿತ್ರದಲ್ಲಿ ಲೂಸಿಲ್ ಬಾಲ್ ಹೋದಲ್ಲೆಲ್ಲ ನೆನಪಿಗೆಂದು ಕಲ್ಲು ಆರಿಸಿ ಟ್ರೇಲರಿನಲ್ಲಿ ಬಚ್ಚಿಡುತ್ತಾಳೆ, ಗುಡ್ಡ ಹತ್ತುವಾಗ ಅದರ ಪರಿಣಾಮ ಕಾಣುತ್ತದೆ. ಅಭ್ಯರ್ಥಿ ಆ ಚಿತ್ರಕ್ಕೆ ಬಿದ್ದುಬಿದ್ದು ನಕ್ಕವನು. ಅವನು ಜೊತೆಗೊಯ್ಯಲು ಪಟ್ಟು ಹಿಡಿದಿರುವುದು ಕಬ್ಬಿಣದ ಮೂರು ಬಾಣಲೆ ಮತ್ತು ಬಡಗಿ ಕೆಲಸದ ಬೆಂಚು. ಉಳಿದದ್ದು ತಿಂಗಳ ಬಾಡಿಗೆಯ ಗೋದಾಮಿಗೆ. ಹೀಗೆ ಮನೆಯಿಲ್ಲದವನಾಗುವ ಹೊತ್ತಿಗೆ ಸಾಮಾನಿಗೊಂದು ಮನೆಯಾಗಿರುತ್ತದೆ.

ಮನೆ ಹೋದರೆ ವಿಳಾಸ ಬೇಕು. ರಾಜ್ಯದ ಆದಾಯ ತೆರಿಗೆ ಇಲ್ಲದ ಟೆಕ್ಸಾಸ್, ಫ್ಲಾರಿಡಾ, ಸೌತ್ ಡಕೋಟ ಇವರಿಗೆ ಪ್ರಿಯ. ಸೌತ್ ಡಕೋಟದಲ್ಲಿ ಒಂದು ರಾತ್ರಿ ತಂಗಿದ ರಸೀದಿ, ಅಂಚೆ ಸ್ವೀಕರಿಸುವ ಏಜೆನ್ಸಿಯ ವಿಳಾಸ ತೋರಿಸಿದರೆ ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆ. ಟೆಕ್ಸಾಸಿನ ಲಿವಿಂಗ್ಸ್‌ಟನ್‌ನಲ್ಲಿ, 1978ರಲ್ಲಿ ಶುರುವಾದ ಎಸ್ಕೇಪೀಸ್ ಎಂಬ ಆರ್‌ವಿ ಸಂಘವೊಂದು ಸದಸ್ಯರ ಅಂಚೆಯನ್ನು ಅವರಿರುವಲ್ಲಿಗೆ ರವಾನಿಸುತ್ತದೆ. ಆ ಊರನ್ನೇ ನೋಡದ ಎಷ್ಟೋ ಜನ ಕಾಗದದ ಮೇಲೆ ಅದರ ನಿವಾಸಿಗಳು.

ಎಲ್ಲಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ತೆರಿಗೆ, ನಲ್ಲಿ ಬಿಲ್ಲು, ಕರೆಂಟ್ ಬಿಲ್ಲುಗಳಿಗೆ ಬೇಸತ್ತು ಊರು ಬಿಟ್ಟವನು ಈಗ ತಾನೇ ಒಂದು ಪುರಸಭೆ. ನೀರು ಸರಬರಾಜು ಅವನದು: ಶಿಬಿರದ ನಲ್ಲಿಯ ರಭಸಕ್ಕೆ ಒಳಗಿನ ಪೈಪು ಒಡೆಯದಂತೆ ಒತ್ತಡ ತಗ್ಗಿಸುವ ಹಿತ್ತಾಳೆ ರೆಗ್ಯುಲೇಟರ್ ಸಿಕ್ಕಿಸಬೇಕು. ವಿದ್ಯುತ್ ಇಲಾಖೆ ಅವನದು: 30 ಆಂಪ್ ಸಂಪರ್ಕದಲ್ಲಿ ಸಿಗುವುದು 3,600 ವಾಟ್. ಏಸಿ ಓಡುತ್ತಿರುವಾಗ ಮೈಕ್ರೊವೇವ್ ಹಚ್ಚಿ, ಹೆಂಡತಿ ತಲೆಗೂದಲು ಒಣಗಿಸಲು ಕೂತರೆ ಕತ್ತಲು. ಲೋಡ್ ಶೆಡ್ಡಿಂಗ್ ವೇಳಾಪಟ್ಟಿ ಮನೆಯೊಳಗೇ ತಯಾರಾಗುತ್ತದೆ. ಒಳಚರಂಡಿ ಮಂಡಳಿಯೂ ಅವನೇ. ಸ್ನಾನ, ಪಾತ್ರೆಯ ನೀರಿಗೆ ಬೂದು ಟ್ಯಾಂಕು, ಕಕ್ಕಸಿಗೆ ಕಪ್ಪು ಟ್ಯಾಂಕು. ಕಪ್ಪಿನ ಕವಾಟವನ್ನು ಸದಾ ತೆರೆದಿಡಬಾರದು. ನೀರೆಲ್ಲ ಹರಿದುಹೋಗಿ ಉಳಿದದ್ದು ಒಣಗಿ ಗೋಪುರ ಕಟ್ಟುತ್ತದೆ. ತುಂಬಿದ ಮೇಲೆ ಮೊದಲು ಕಪ್ಪು ಬಿಟ್ಟು, ಹಿಂದೆಯೇ ಬೂದು ಟ್ಯಾಂಕಿನ ನೀರು ಬಿಟ್ಟು ಕೊಳವೆ ತೊಳೆಯಬೇಕು. ಕೊಳವೆಯ ಬಾಯಿಗೆ ಪಾರದರ್ಶಕ ತುಂಡೊಂದನ್ನು ಸಿಕ್ಕಿಸುವ ಪದ್ಧತಿಯಿದೆ, ಹರಿವು ತಿಳಿಯಾಯಿತೇ ಎಂದು ನೋಡಲು. ನೋಡುವ ಇಚ್ಛೆ ಯಾರಿಗೂ ಇಲ್ಲ. ನೋಡದೆ ಕೊಳವೆ ಕಳಚಿದವರು ಮುಂದಿನ ಸಲ ನೋಡುತ್ತಾರೆ. ಟ್ಯಾಂಕು ಎಷ್ಟು ತುಂಬಿದೆ ಎಂದು ತೋರಿಸುವ ದೀಪಗಳು ಖಾಲಿಯಿದ್ದಾಗಲೂ ಮುಕ್ಕಾಲು ಎನ್ನುತ್ತವೆ. ಅವುಗಳನ್ನು ನಂಬುವವನೇ ಹೊಸಬ.

ಕೊನೆಯ ಘಟ್ಟ ತಾಲೀಮು. ಮನೆ ಕೈಬದಲಾಗುವ ಮೊದಲು ಸ್ವಂತ ಅಂಗಳದಲ್ಲೇ ಒಂದು ರಾತ್ರಿ ವಾಹನದಲ್ಲಿ ಮಲಗಬೇಕೆಂದು ಅನುಭವಿಗಳು ಹೇಳುತ್ತಾರೆ. ಅಭ್ಯರ್ಥಿ ಚಕ್ರಗಳಿಗೆ ಅಡೆ ಕೊಟ್ಟು, ಮಟ್ಟಗೋಲಿಟ್ಟು ನೋಡಿ, ನೆರೆಯವರೆಲ್ಲ ಕಾಣುವಂತೆ ಎರಡು ಮಡಚು ಕುರ್ಚಿ ಹಾಕಿ ಸೂರ್ಯಾಸ್ತ ನೋಡುತ್ತಾನೆ. ಉಪ್ಪು ತರಲು ಹೆಂಡತಿ ಎರಡು ಸಲ, ಹೊದಿಕೆಗೆಂದು ಒಂದು ಸಲ ಮನೆಯೊಳಗೆ ಹೋಗಿಬರುತ್ತಾಳೆ. ನಡುರಾತ್ರಿ ಅವನಿಗೆ ಎಚ್ಚರವಾಗುತ್ತದೆ. ಮಗ್ಗುಲಲ್ಲಿ ಹೆಂಡತಿಯಿಲ್ಲ. ಟಾರ್ಚ್ ಹಿಡಿದು, ಕಪ್ಪು ಟ್ಯಾಂಕಿಗೆ ಏಕೆ ತೊಂದರೆ ಎಂದು ಅವನೂ ಮನೆಯತ್ತ ನಡೆದರೆ, ಬಚ್ಚಲುಮನೆಯಲ್ಲಿ ಆಗಲೇ ದೀಪ ಉರಿಯುತ್ತಿರುತ್ತದೆ. ಬೆಳಿಗ್ಗೆ ತಪಾಸಣಾ ಪಟ್ಟಿಯಲ್ಲಿ ‘ಕಪ್ಪು ಟ್ಯಾಂಕು: ಸೊನ್ನೆ, ತಾಲೀಮು ಯಶಸ್ವಿ’ ಎಂದು ದಾಖಲಾಗುತ್ತದೆ.